ಗೇಟು ಎತ್ತುವ ಮೊದಲು

ಕೃಷ್ಣೆಯಂಥ ನದಿಗೆ ಕಂಪ್ಯೂಟರಿನೊಳಗೆ ಒಂದು ಅವಳಿಯನ್ನು ಕಟ್ಟಬಹುದು. ಅದರಿಂದ ಮಳೆ ನಿಲ್ಲದು, ಹೊಳೆಯೂ ತಗ್ಗದು. ಆದರೆ ನಾಳಿನ ನಿರ್ಧಾರಕ್ಕೆ ಯಾವ ಊರು ಎಷ್ಟು ಬೆಲೆ ತೆರಬೇಕಾದೀತು ಎಂಬುದು ಇವತ್ತೇ ಕಾಣುತ್ತದೆ.

ಜುಲೈ ಅರ್ಧ ದಾಟಿತೆಂದರೆ ಬೆಳಗಾವಿ ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ನಾಲ್ಕಾರು ಪರವೂರುಗಳ ಹೆಸರು ದಿನವೂ ಬರತೊಡಗುತ್ತದೆ. ಕೊಯ್ನಾ, ನವಜಾ, ಮಹಾಬಳೇಶ್ವರ, ರಾಧಾನಗರಿ. ಎಲ್ಲವೂ ಮಹಾರಾಷ್ಟ್ರದ ಘಟ್ಟದ ಕಡೆಯವು. ಅಲ್ಲಿ ನಿನ್ನೆ ಎಷ್ಟು ಮಿಲಿಮೀಟರ್ ಮಳೆಯಾಯಿತು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಇಳಿಯಿತು, ದೂಧಗಂಗೆಯದು ಎಷ್ಟು ಸೇರಿತು, ಕಲ್ಲೋಳ–ಯಡೂರು ಸೇತುವೆಯ ಮೇಲೆ ನೀರು ಹತ್ತಿತೇ? ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಯ ಹೊಳೆದಂಡೆಯ ರೈತರು ಇಷ್ಟನ್ನು ಓದಿ, ಪಂಪ್‌ಸೆಟ್ಟನ್ನು ಇವತ್ತೇ ಬಿಚ್ಚಿ ಮೇಲೆ ತರಬೇಕೋ ನಾಳೆಗೆ ಬಿಟ್ಟರೂ ನಡೆದೀತೋ ಎಂದು ನಿಶ್ಚಯಿಸುತ್ತಾರೆ. ಘಟ್ಟದ ಮಳೆ ತಮ್ಮ ಕಬ್ಬಿನ ಗದ್ದೆಯ ಅಂಚಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅವರಿಗೆ ಬಾಯಿಲೆಕ್ಕ.

ಅದೇ ಲೆಕ್ಕ ಇನ್ನೂ ಕೆಳಗೆ, ಆಲಮಟ್ಟಿಯಲ್ಲಿ, ಹತ್ತಾರು ಪಟ್ಟು ದೊಡ್ಡದಾಗಿ ಎದುರಾಗುತ್ತದೆ. ಅಣೆಕಟ್ಟೆಗೆ 26 ಗೇಟುಗಳು. ಪೂರ್ಣ ಮಟ್ಟ 519.60 ಮೀಟರ್, ಆಗ ನಿಲ್ಲುವ ನೀರು 123 ಟಿಎಂಸಿ. ಒಂದು ಟಿಎಂಸಿ ಎಂದರೆ ದಿನವಿಡೀ 11,574 ಕ್ಯೂಸೆಕ್‌ನಂತೆ ಹರಿದ ನೀರು. ಒಳಹರಿವು 4 ಲಕ್ಷ ಕ್ಯೂಸೆಕ್ ಇದ್ದು, ಹೊರಗೆ 3 ಲಕ್ಷ ಬಿಟ್ಟರೆ, ದಿನಕ್ಕೆ 8.64 ಟಿಎಂಸಿಯಂತೆ ಜಲಾಶಯ ಏರುತ್ತದೆ. ಖಾಲಿ ಜಾಗ 20 ಟಿಎಂಸಿ ಇದ್ದರೆ ಎರಡೂಕಾಲು ದಿನದಲ್ಲಿ ಅದು ಮುಗಿಯಿತು. ಆ ಬಳಿಕ ಬಂದಷ್ಟನ್ನೂ ಬಿಡುವುದೊಂದೇ ದಾರಿ.

ಇದನ್ನೇ ತಿರುಗಿಸಿ ನೋಡಿ. ದೊಡ್ಡ ನೆರೆ ಬರುತ್ತದೆಂದು ಮೂರು ದಿನ ಮುಂಚೆ ಗೊತ್ತಾಯಿತೆನ್ನಿ. 20 ಟಿಎಂಸಿ ಜಾಗ ಮಾಡಿಕೊಳ್ಳಲು ಬರುವ ನೀರಿನ ಮೇಲೆ 77 ಸಾವಿರ ಕ್ಯೂಸೆಕ್ ಹೆಚ್ಚಿಗೆ ಬಿಟ್ಟರೆ ಸಾಕು. ಒಂದೇ ದಿನ ಮುಂಚೆ ಗೊತ್ತಾದರೆ ಅಷ್ಟೇ ಜಾಗಕ್ಕೆ 2.31 ಲಕ್ಷ ಕ್ಯೂಸೆಕ್ ಹೆಚ್ಚಿಗೆ ಬಿಡಬೇಕು. ಅಣೆಕಟ್ಟೆ ಅದೇ, ನೀರು ಅದೇ. ಕೆಳಗಿನ ಊರುಗಳ ಪಾಡು ಮಾತ್ರ ಬೇರೆ. ಆಲಮಟ್ಟಿಯ ಕೆಳಗಿನ ನಾರಾಯಣಪುರ ಅಣೆಕಟ್ಟೆಯ ಗೇಟುಗಳಿಂದ ನೀರು ನುಗ್ಗಿದರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಹಳ್ಳಿಗಳ ದಾರಿ ಕಡಿಯುತ್ತದೆ. ನೀರಿನ ಆಡಳಿತದಲ್ಲಿ ಎಲ್ಲಕ್ಕಿಂತ ದುಬಾರಿ ಸರಕು ಸಮಯ. ಮೊದಲು ಹೇಳಿದ ಅವಳಿ, ಅಂದರೆ ಡಿಜಿಟಲ್ ಟ್ವಿನ್ ಎಂಬ ಹೊಸ ವಿದ್ಯೆ, ಕೊಡಬಲ್ಲದ್ದೂ ಮುಖ್ಯವಾಗಿ ಅದನ್ನೇ. ಸಿಕ್ಕ ಸಮಯವನ್ನು ಬಳಸುವ ಧೈರ್ಯ ಯಾರಿಗಿದೆ ಎಂಬುದು ಬೇರೆಯೇ ಪ್ರಶ್ನೆ.

ಹೊಳೆಯ ಜೊತೆಗೇ ನಡೆಯುವ ಲೆಕ್ಕ

ಈ ಕಲ್ಪನೆ ಬಂದದ್ದು ಕಾರ್ಖಾನೆಯ ಕಡೆಯಿಂದ. ತಯಾರಾದ ಪ್ರತಿ ಯಂತ್ರಕ್ಕೂ ಕಂಪ್ಯೂಟರಿನಲ್ಲಿ ಒಂದು ಪ್ರತಿರೂಪ ಇರಬೇಕು, ಯಂತ್ರ ಸವೆದಂತೆ ಅದೂ ಬದಲಾಗಬೇಕು ಎಂಬ ವಿಚಾರವನ್ನು 2002ರಲ್ಲಿ ಅಮೆರಿಕದ ಮೈಕೆಲ್ ಗ್ರೀವ್ಸ್ ಮುಂದಿಟ್ಟರು. 2010ರ ಹೊತ್ತಿಗೆ ನಾಸಾ ಅದನ್ನು ಬಾಹ್ಯಾಕಾಶ ನೌಕೆಗಳ ಮಟ್ಟಿಗೆ ಎತ್ತಿಕೊಂಡಿತು. ಅಲ್ಲಿಂದ ಅದು ನಗರದ ಕೊಳವೆ ಜಾಲಕ್ಕೆ, ಬಂದರಿಗೆ, ಈಗ ನದಿ ಕಣಿವೆಗಳಿಗೆ ಬಂದಿದೆ. ಚೀನಾದ ಜಲಸಂಪನ್ಮೂಲ ಸಚಿವಾಲಯ ಹಳದಿ ನದಿ, ಯಾಂಗ್ಟ್ಸೆಗಳಿಗೆ ಇಂಥ ಅವಳಿಗಳನ್ನು ಕಟ್ಟಿಸುತ್ತಿದೆ. ಯುರೋಪಿನ ಒಕ್ಕೂಟ ಇಡೀ ಭೂಮಿಯ ಹವಾಮಾನಕ್ಕೇ ಅವಳಿ ಕಟ್ಟುವ ‘ಡೆಸ್ಟಿನೇಷನ್ ಅರ್ಥ್’ ಯೋಜನೆಯ ಮೊದಲ ವ್ಯವಸ್ಥೆಗೆ 2024ರ ಜೂನಿನಲ್ಲಿ ಚಾಲನೆ ಕೊಟ್ಟಿತು.

ಹಾಗಾದರೆ ಎಂಜಿನಿಯರುಗಳು ಹಿಂದಿನಿಂದಲೂ ಬಳಸುತ್ತಿದ್ದ ಕಂಪ್ಯೂಟರ್ ಮಾದರಿಗೂ ಇದಕ್ಕೂ ಏನು ವ್ಯತ್ಯಾಸ? ಹಳೆಯ ಮಾದರಿ ಬರೆದಿಟ್ಟ ಜಾತಕ. ಅವಳಿ ಎಂದರೆ ನಾಡಿ ಹಿಡಿದು ಕೂತ ವೈದ್ಯ. ಅಣೆಕಟ್ಟೆ ಕಟ್ಟುವಾಗ ಒಮ್ಮೆ ಲೆಕ್ಕ ಹಾಕಿ ಕಪಾಟಿನಲ್ಲಿಟ್ಟ ಮಾದರಿಗೆ ಈ ಹೊತ್ತಿನ ಹೊಳೆಯ ಸುದ್ದಿ ತಿಳಿಯದು. ಅವಳಿಗೆ ಮಳೆಮಾಪಕ, ಸೇತುವೆಗೆ ಕಟ್ಟಿದ ರಾಡಾರ್ ಮಟ್ಟಮಾಪಕ, ಗೇಟು ಎಷ್ಟು ಎತ್ತಿದೆ ಎಂದು ಹೇಳುವ ಸೆನ್ಸರ್, ಉಪಗ್ರಹದ ಚಿತ್ರ, ಎಲ್ಲವೂ ಸತತವಾಗಿ ಬಂದು ಸೇರುತ್ತಿರುತ್ತವೆ. ಅದು ತನ್ನ ಅಂದಾಜನ್ನು ನಿಜದ ಹೊಳೆಗೆ ಹೋಲಿಸಿ, ತಪ್ಪಿದಲ್ಲಿ ತಿದ್ದಿಕೊಂಡು ಮುಂದೆ ಸಾಗುತ್ತದೆ.

ಒಳಗೆ ನಡೆಯುವುದೇನು ಎಂದು ಕೃಷ್ಣೆಯ ಮೇಲೇ ಇಟ್ಟು ನೋಡೋಣ. ಮೊದಲ ಹಂತ ಮಳೆಯದು. ನವಜಾದಲ್ಲಿ 200 ಮಿಲಿಮೀಟರ್ ಸುರಿಯಿತೆನ್ನಿ. ಜೂನ್ ಮೊದಲ ವಾರವಾದರೆ ಬಾಯಾರಿದ ನೆಲ ಅದರಲ್ಲಿ ಬಹುಪಾಲನ್ನು ಕುಡಿಯುತ್ತದೆ. ಆಗಸ್ಟಿನಲ್ಲಾದರೆ ತೊಯ್ದು ತುಂಬಿದ ನೆಲ ಬಹುಪಾಲನ್ನು ಹಳ್ಳಕ್ಕೆ ದಾಟಿಸುತ್ತದೆ. ಆದ್ದರಿಂದ ಮಣ್ಣಿನ ತೇವವನ್ನು ಅವಳಿ ದಿನವೂ ಲೆಕ್ಕದಲ್ಲಿಡಬೇಕು. ಎರಡನೇ ಹಂತ ಮೇಲಿನ ಅಣೆಕಟ್ಟೆಗಳದು. 105 ಟಿಎಂಸಿಯ ಕೊಯ್ನಾ ಎಷ್ಟು ತುಂಬಿದೆ, ವಾರಣಾದಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದು ತಿಳಿಯಬೇಕು. ರಾಧಾನಗರಿಯ ಸ್ವಯಂಚಾಲಿತ ಗೇಟುಗಳದು ಇನ್ನೊಂದು ಬಗೆ. ನೀರು ಮಟ್ಟ ಮುಟ್ಟಿತೆಂದರೆ ಅವು ಯಾರ ಅಪ್ಪಣೆಗೂ ಕಾಯದೆ ತಾವೇ ತೆರೆದುಕೊಳ್ಳುತ್ತವೆ. ಅವಳಿಗೆ ಅದೂ ಗೊತ್ತಿರಬೇಕು.

ಮೂರನೇ ಹಂತ ಹೊಳೆಯದೇ. ಕೊಲ್ಹಾಪುರದ ಕಡೆಯಿಂದ ಪಂಚಗಂಗೆ, ಸಾಂಗ್ಲಿಯ ಕಡೆಯಿಂದ ಕೃಷ್ಣೆ ಬಂದು ನರಸೋಬವಾಡಿಯಲ್ಲಿ ಸೇರುತ್ತವೆ. ಕನ್ನಡದ ದತ್ತಭಕ್ತರಿಗೆ ಚಿರಪರಿಚಿತವಾದ ಆ ದೇವಸ್ಥಾನದೊಳಗೆ ಹೊಳೆ ಹೊಕ್ಕು ಹರಿಯುವುದು ಪ್ರತಿ ಮಳೆಗಾಲದ ಸುದ್ದಿ. ಎರಡೂ ಹೊಳೆಗಳ ನೆತ್ತಿ, ಅಂದರೆ ಅತಿ ಹೆಚ್ಚು ಹರಿವು, ಒಂದೇ ಹೊತ್ತಿಗೆ ಅಲ್ಲಿಗೆ ಬಂದರೆ ಒಂದು ಬಗೆಯ ನೆರೆ; ಅರ್ಧ ದಿನ ಹಿಂದುಮುಂದಾಗಿ ಬಂದರೆ ಇನ್ನೊಂದು ಬಗೆ. ಒಂದು ಹೊಳೆ ಉಕ್ಕಿದಾಗ ಇನ್ನೊಂದರ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತುವುದೂ ಉಂಟು. ಇದನ್ನೆಲ್ಲ ಬಿಡಿಸಲು 1871ರಲ್ಲಿ ಫ್ರೆಂಚ್ ಎಂಜಿನಿಯರ್ ಸೇಂಟ್ ವೆನಾಂ ಬರೆದಿಟ್ಟ ಸಮೀಕರಣಗಳೇ ಇಂದಿಗೂ ಆಧಾರ. ಬಂದ ನೀರು ಎಲ್ಲಿಯೂ ಮಾಯವಾಗಬಾರದು, ಅದರ ವೇಗಕ್ಕೆ ಇಳಿಜಾರು ಮತ್ತು ತಳದ ಘರ್ಷಣೆಯ ಲೆಕ್ಕ ಕೂಡಬೇಕು: ಇವೆರಡೇ ಅವುಗಳ ತಿರುಳು. ಹೊಳೆಯನ್ನು ಸಾವಿರಾರು ತುಂಡು ಮಾಡಿ, ಪ್ರತಿ ತುಂಡಿಗೂ ನಿಮಿಷ ನಿಮಿಷದ ಲೆಕ್ಕ ಹಾಕುವ ಬಲ ಮಾತ್ರ ಹೊಸದು.

ನಾಲ್ಕನೇ ಹಂತದಲ್ಲೇ ಅವಳಿಯ ಹೆಚ್ಚುಗಾರಿಕೆ ಇರುವುದು. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ ಬೆಳಿಗ್ಗೆ ಆರಕ್ಕೆ 40 ಅಡಿ ಇರಬೇಕೆಂದು ಅದು ಹೇಳಿತ್ತು, ಮಾಪಕ 42 ತೋರಿಸಿತು ಎಂದಿಟ್ಟುಕೊಳ್ಳಿ. ಎಲ್ಲೋ ಮಳೆಯ ಅಂದಾಜು ಕಡಿಮೆಯಾಗಿದೆ, ಇಲ್ಲವೇ ಮೇಲಿನ ಗೇಟು ಹೇಳಿದ್ದಕ್ಕಿಂತ ಮುಂಚೆ ಎದ್ದಿದೆ. ಅವಳಿ ಹಿಂದೆ ಹೋಗಿ ಈ ವ್ಯತ್ಯಾಸಕ್ಕೆ ಹೊಂದುವ ಕಾರಣ ಹುಡುಕಿ, ತನ್ನೊಳಗಿನ ಹೊಳೆಯನ್ನು ತಿದ್ದಿ, ಹಿಪ್ಪರಗಿ ಬ್ಯಾರೇಜಿಗೂ ಆಲಮಟ್ಟಿಗೂ ಹೊಸ ಅಂದಾಜು ಕೊಡುತ್ತದೆ. ಬಳಿಕ ಎಂಜಿನಿಯರ್ ಕೇಳಬಹುದು: ‘ಈಗ ಎಂಟು ಗೇಟು ಎತ್ತಿದರೆ ಏನಾಗುತ್ತದೆ? ನಾಳೆ ಬೆಳಿಗ್ಗೆವರೆಗೆ ತಡೆದರೆ?’ ಯಾರ ಮನೆಯನ್ನೂ ಮುಳುಗಿಸದೆ ತಪ್ಪು ನಿರ್ಧಾರವನ್ನೂ ಮಾಡಿ ನೋಡುವ ಅವಕಾಶ ಅದು.

ಕಾಂಕ್ರೀಟಿನ ಹೊಳೆ

ಹೀಗೆ ಮಾಡಿ ನೋಡುವ ಆಸೆ ಕಂಪ್ಯೂಟರಿಗಿಂತ ಹಳೆಯದು. 1916ರಲ್ಲಿ ಶುರುವಾಗಿ ಈಗ ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಾಗಲಿ, ನಮ್ಮ ಕೃಷ್ಣರಾಜಸಾಗರದ ಪಕ್ಕದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಾಗಲಿ, ಬಯಲಲ್ಲಿ ಕಟ್ಟಿದ ಚಿಕ್ಕ ಅಣೆಕಟ್ಟೆ, ಚಿಕ್ಕ ಕೋಡಿಗಳ ಮೇಲೆ ನೀರು ಹರಿಸಿಯೇ ದೊಡ್ಡವುಗಳ ಗುಣ ಕಂಡುಕೊಂಡವು. ಇವೆಲ್ಲದರ ಪೈಕಿ ಅತಿ ದೊಡ್ಡದು ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿತ್ತು. 1943ರಲ್ಲಿ ಯುದ್ಧಕೈದಿಗಳ ದುಡಿಮೆಯಿಂದ ಕೆಲಸ ಶುರುವಾಗಿ, ಸುಮಾರು 200 ಎಕರೆಯಲ್ಲಿ ಮಿಸಿಸಿಪಿ ಕಣಿವೆಯ ಕಾಂಕ್ರೀಟು ಪ್ರತಿರೂಪವೇ ಎದ್ದಿತು. ಉದ್ದಗಲದಲ್ಲಿ ನಿಜದ ನದಿಯ ಎರಡು ಸಾವಿರದಲ್ಲೊಂದು ಪಾಲು, ಎತ್ತರದಲ್ಲಿ ನೂರರಲ್ಲೊಂದು ಪಾಲು.

1952ರ ಏಪ್ರಿಲಿನಲ್ಲಿ ಮಿಸ್ಸೌರಿ ನದಿ ಉಕ್ಕಿದಾಗ ಎಂಜಿನಿಯರುಗಳು ಈ ಕಾಂಕ್ರೀಟು ಹೊಳೆಯನ್ನು ಹಗಲೂ ರಾತ್ರಿ ಹರಿಸುತ್ತ, ಯಾವ ಊರಿಗೆ ಎಷ್ಟು ನೀರು ಎಂದು ಮುಂಚೆಯೇ ಹೇಳಿದರು. ಒಮಾಹಾ, ಕೌನ್ಸಿಲ್ ಬ್ಲಫ್ಸ್ ಪಟ್ಟಣಗಳ ಒಡ್ಡುಗಳನ್ನು ಎಲ್ಲಿ ಎತ್ತರಿಸಬೇಕು ಎಂಬುದನ್ನು ಅದರ ನೆರವಿನಿಂದ ತೀರ್ಮಾನಿಸಲಾಯಿತು. ನೆರೆ ನಡೆಯುತ್ತಿರುವಾಗಲೇ ಅದರ ಪ್ರತಿರೂಪವನ್ನು ಓಡಿಸಿ ನಿರ್ಧಾರಕ್ಕೆ ಬಂದ ಈ ಕೆಲಸವನ್ನು ಅವಳಿಯ ಮೊದಲ ರೂಪ ಎನ್ನಬಹುದು. ಬೇಕಿದ್ದ ಮಾನವಬಲ ಮಾತ್ರ ವಿಪರೀತ. ಮುಂದೆ ಕಂಪ್ಯೂಟರ್ ಅಗ್ಗವಾಯಿತು, ಕಾಂಕ್ರೀಟು ಹೊಳೆ ಪಾಳುಬಿತ್ತು.

ಐವತ್ತೊಂದು ನಾಳೆಗಳು

ಬಿದ್ದ ಮಳೆಯನ್ನು ಲೆಕ್ಕ ಹಾಕುವುದು ಒಂದು ಕೆಲಸ, ಬೀಳಲಿರುವ ಮಳೆಯನ್ನು ನಂಬುವುದು ಇನ್ನೊಂದು. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಒಂದೇ ಮುನ್ಸೂಚನೆ ಕೊಟ್ಟು ಸುಮ್ಮನಾಗುವುದಿಲ್ಲ. ಆರಂಭದ ಸ್ಥಿತಿಯನ್ನು ಅಷ್ಟಿಷ್ಟು ಬದಲಿಸಿ 51 ಮುನ್ಸೂಚನೆಗಳ ಒಂದು ಕಟ್ಟನ್ನೇ ಕೊಡುತ್ತದೆ. ಅವನ್ನೆಲ್ಲ ಒಂದೊಂದಾಗಿ ನದಿಯ ಅವಳಿಗೆ ಉಣಿಸಿದರೆ ಆಲಮಟ್ಟಿಯ ಒಳಹರಿವಿಗೆ 51 ಗೆರೆಗಳು ಬರುತ್ತವೆ. ಗೆರೆಗಳೆಲ್ಲ ಒತ್ತಾಗಿದ್ದರೆ ನಂಬಿಕೆ ಹೆಚ್ಚು, ಚದುರಿದ್ದರೆ ಕಡಿಮೆ.

ಆದರೆ 51ರಲ್ಲಿ 35 ಗೆರೆಗಳು ದೊಡ್ಡ ನೆರೆ ಹೇಳಿ, 16 ಏನೂ ಇಲ್ಲವೆಂದರೆ ಗೇಟು ಎತ್ತಬೇಕೇ? ಎತ್ತಿದ ಮೇಲೆ ಮಳೆ ಬಾರದಿದ್ದರೆ ಬಿಟ್ಟ ನೀರು ತಿರುಗಿ ಬರುವುದಿಲ್ಲ. ಮಾರ್ಚಿನಲ್ಲಿ ಒಣಗುವ ಬೆಳೆಗೆ ಯಾರು ಉತ್ತರ ಹೇಳಬೇಕು? ಎತ್ತದೆ ಮಳೆ ಬಂದರೆ ಮುಳುಗಿದ ಊರಿಗೆ ಯಾರು ಉತ್ತರ ಹೇಳಬೇಕು? ಈ ಇಬ್ಬಂದಿಗೆ ಜಗತ್ತಿನಲ್ಲಿ ಎರಡು ದೊಡ್ಡ ಪಾಠಗಳಿವೆ.

ಮೊದಲನೆಯದು ಆಸ್ಟ್ರೇಲಿಯಾದ ಬ್ರಿಸ್ಬೇನಿನದು. 1974ರ ನೆರೆಯ ಬಳಿಕ ಅಲ್ಲಿ ಕಟ್ಟಿದ ವೈವೆನ್‌ಹೋ ಅಣೆಕಟ್ಟೆಗೆ ಎರಡು ಕೆಲಸ: ಊರಿಗೆ ಕುಡಿಯುವ ನೀರು ಕೂಡಿಡುವುದು, ನೆರೆ ಬಂದಾಗ ತಡೆಯುವುದು. 2011ರ ಜನವರಿಯಲ್ಲಿ ಭಾರೀ ಮಳೆ ಸುರಿದು, ಗೇಟುಗಳನ್ನು ಒಮ್ಮೆಗೇ ಹೆಚ್ಚು ತೆರೆಯಬೇಕಾಗಿ ಬಂತು. 13ರಂದು ನಗರದ ಮಾಪಕದಲ್ಲಿ ನದಿ 4.46 ಮೀಟರಿಗೆ ಏರಿ ಸಾವಿರಾರು ಮನೆಗಳು ಮುಳುಗಿದವು. ಮಳೆಯ ಮುನ್ಸೂಚನೆ ಇದ್ದರೂ ನೆಲಕ್ಕೆ ಬಿದ್ದ ನೀರನ್ನಷ್ಟೇ ನೆಚ್ಚಿದರು, ಮುಂಚೆ ಬಿಡಲಿಲ್ಲ ಎಂದು ಸಂತ್ರಸ್ತರು ನ್ಯಾಯಾಲಯಕ್ಕೆ ಹೋದರು. 2019ರ ನವೆಂಬರಿನಲ್ಲಿ ತೀರ್ಪು ಸಂತ್ರಸ್ತರ ಕಡೆಗಾಯಿತು. ಸರ್ಕಾರ ಮತ್ತು ಇನ್ನೊಂದು ಸಂಸ್ಥೆ 44 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾದವು. ಆದರೆ ಅಣೆಕಟ್ಟೆಯ ಒಡೆತನದ ಸೀಕ್ವಾಟರ್ ಮೇಲ್ಮನವಿ ಹೋಗಿ 2021ರ ಸೆಪ್ಟೆಂಬರಿನಲ್ಲಿ ಗೆದ್ದಿತು. ಒಂದೇ ನೆರೆ, ಒಂದೇ ದಾಖಲೆ, ಎರಡು ತೀರ್ಪು. ಅಣೆಕಟ್ಟೆಯ ಎಂಜಿನಿಯರುಗಳ ಬಳಿ ಮಾದರಿ ಇರಲಿಲ್ಲವೆಂದಲ್ಲ. ಮುನ್ಸೂಚನೆಯನ್ನು ಎಷ್ಟು ನಂಬಬೇಕು ಎಂಬ ಬಗ್ಗೆ ಕೈಪಿಡಿಯ ಮಾತು ಎರಡು ಅರ್ಥಕ್ಕೆ ಎಡೆಕೊಡುವಂತಿತ್ತು.

ಎರಡನೆಯದು ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಜಲಾಶಯದ್ದು. ಅಲ್ಲಿ ದಶಕಗಳ ಹಿಂದಿನ ನಿಯಮದಂತೆ ಚಳಿಗಾಲದಲ್ಲಿ ನೆರೆಗೆಂದು ಜಾಗ ಖಾಲಿ ಇಡಬೇಕಿತ್ತು. 2012ರ ಡಿಸೆಂಬರಿನಲ್ಲಿ ನಿಯಮ ಪಾಲಿಸಿ ನೀರು ಬಿಟ್ಟರು. ಮರುವರ್ಷ ಬರ ಬಂತು. ಬಳಿಕ ವಿಜ್ಞಾನಿಗಳು, ಅಣೆಕಟ್ಟೆ ನಡೆಸುವ ಸೇನಾ ಎಂಜಿನಿಯರುಗಳು, ನೀರು ಬಳಕೆದಾರರು ಕೂತು, ದೊಡ್ಡ ಮಳೆಯ ಮುನ್ಸೂಚನೆ ಇಲ್ಲದಿದ್ದರೆ ನೀರು ಉಳಿಸಿಕೊಳ್ಳಬಹುದು ಎಂಬ ಹೊಸ ಪದ್ಧತಿಯನ್ನು ಮಾದರಿಗಳ ಮೇಲೆ ಪರೀಕ್ಷಿಸಿ ಒಪ್ಪಿಕೊಂಡರು. 2020ರ ಒಣ ವರ್ಷದಲ್ಲಿ ಅದರಿಂದ ಸುಮಾರು 11 ಸಾವಿರ ಎಕರೆ-ಅಡಿ, ಅಂದರೆ ಹತ್ತಿರಹತ್ತಿರ ಅರ್ಧ ಟಿಎಂಸಿ ನೀರು ಹೆಚ್ಚಿಗೆ ಉಳಿಯಿತು. ಆ ಪುಟ್ಟ ಜಲಾಶಯಕ್ಕೆ ಅದು ಶೇಕಡ 19ರಷ್ಟು ಲಾಭ. ಮೆಂಡೊಸಿನೊದಲ್ಲಿ ನಿಯಮ ಮಳೆಗೆ ಮುಂಚೆ ಕಾಗದದ ಮೇಲಿತ್ತು, ಬ್ರಿಸ್ಬೇನಿನಲ್ಲಿ ಅದರ ಅರ್ಥ ಏನೆಂದು ನೆರೆ ಇಳಿದು ವರ್ಷಗಳಾದ ಮೇಲೂ ವಕೀಲರು ವಾದಿಸುತ್ತಿದ್ದರು.

ಸಾಂಗ್ಲಿಗೂ ಆಲಮಟ್ಟಿಗೂ ನಡುವೆ

ಈಗ ಮನೆಯಂಗಳದ ಜಗಳಕ್ಕೆ ಬರೋಣ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿತು. ಅಪಾಯದ ಮಟ್ಟ 45 ಅಡಿ. ಕೊಲ್ಹಾಪುರ ಮುಳುಗಿತು, ಬೆಳಗಾವಿ–ಬಾಗಲಕೋಟೆ ಜಿಲ್ಲೆಗಳ ನೂರಾರು ಊರುಗಳಿಗೆ ನೀರು ಹೊಕ್ಕಿತು, ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ ಮೀರಿ ಹೊರಬಿಡಲಾಯಿತು. ಆಲಮಟ್ಟಿಯ ಹಿನ್ನೀರೇ ತಮ್ಮನ್ನು ಮುಳುಗಿಸಿತು ಎಂದು ಸಾಂಗ್ಲಿಯವರು ದೂರಿದರು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ್ ವಡ್ನೇರೆ ಸಮಿತಿ 2020ರಲ್ಲಿ ಆ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಜಗಳ ಅಲ್ಲಿಗೂ ಮುಗಿಯಲಿಲ್ಲ. 2021ರಲ್ಲಿ ಮತ್ತೆ ನೆರೆ ಬಂತು. ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲೇ ಒಪ್ಪಿದ್ದ ಆಲಮಟ್ಟಿಯ 524.256 ಮೀಟರ್ ಎತ್ತರಕ್ಕೆ ಕರ್ನಾಟಕ ಹೆಜ್ಜೆ ಇಟ್ಟಾಗ, 2025ರಲ್ಲಿ ಮಹಾರಾಷ್ಟ್ರ ಮತ್ತೆ ಆಕ್ಷೇಪ ಎತ್ತಿತು.

ಅವಳಿ ಇದ್ದರೆ ಈ ಜಗಳಕ್ಕೆ ಏನು ಸಿಗುತ್ತದೆ? 2019ರ ಅದೇ ಮಳೆಯನ್ನು ಅದೇ ಗಂಟೆಗಳಲ್ಲಿ ಮತ್ತೆ ಸುರಿಸಬಹುದು. ಒಮ್ಮೆ ಆಲಮಟ್ಟಿಯನ್ನು 519.60ಕ್ಕೆ ಇಟ್ಟು, ಒಮ್ಮೆ 517ಕ್ಕೆ ಇಳಿಸಿ, ಒಮ್ಮೆ 524.256ಕ್ಕೆ ಏರಿಸಿ, ಇನ್ನೊಮ್ಮೆ ಅಣೆಕಟ್ಟೆಯನ್ನೇ ತೆಗೆದುಹಾಕಿ ಇರ್ವಿನ್ ಸೇತುವೆಯಲ್ಲಿ ಎಷ್ಟು ಅಡಿ ಎಂದು ನೋಡಬಹುದು. ಹಾಗೆಯೇ ಕೊಯ್ನಾದಲ್ಲಿ ಒಂದು ವಾರ ಮುಂಚೆ 15 ಟಿಎಂಸಿ ಜಾಗ ಮಾಡಿದ್ದರೆ, ಹಿಪ್ಪರಗಿಯ ಗೇಟುಗಳೆಲ್ಲ ಮೊದಲೇ ಎದ್ದಿದ್ದರೆ, ಹೊಳೆಗೆ ಅಡ್ಡಲಾಗಿ ಎತ್ತರಿಸಿದ ರಸ್ತೆ ಏರಿಗಳ ಕೆಳಗೆ ಇನ್ನಷ್ಟು ಕಂಡಿಗಳಿದ್ದರೆ ಎಂದೂ ಕೇಳಬಹುದು. ಅಣೆಕಟ್ಟೆಯ ಬಳಿಯ ಮಟ್ಟವೇ ಹಿಂದಿನ ಇನ್ನೂರು ಕಿಲೋಮೀಟರಿಗೂ ಮಟ್ಟ ಎಂದು ನಂಬುವವರು ಬಹಳ ಜನ. ಹರಿಯುವ ನೀರು ಹಾಗೆ ಸಪಾಟಾಗಿ ನಿಲ್ಲುವುದಿಲ್ಲ, ಅದಕ್ಕೊಂದು ಇಳಿಜಾರು ಇರುತ್ತದೆ. ಹಿನ್ನೀರಿನ ಒತ್ತಡ ಎಲ್ಲಿಯವರೆಗೆ ತಟ್ಟುತ್ತದೆ ಎಂಬುದನ್ನು ಹೊಳೆಯ ತಳ, ತಿರುವು, ಸೇತುವೆಗಳು ತೀರ್ಮಾನಿಸುತ್ತವೆ.

ತೊಡಕು ಇಲ್ಲಿಯೇ. ಮಹಾರಾಷ್ಟ್ರದ ಕೈಯಲ್ಲಿ ಅದರದೇ ಒಂದು ವ್ಯವಸ್ಥೆ ಇದೆ: ಕೇಂದ್ರದ ಎರಡನೇ ಹೈಡ್ರಾಲಜಿ ಯೋಜನೆಯಡಿ ಡೆನ್ಮಾರ್ಕಿನ ಡಿಎಚ್‌ಐ ಸಂಸ್ಥೆಯ ನೆರವಿನಿಂದ ಕೃಷ್ಣಾ–ಭೀಮಾ ಕಣಿವೆಗಳಿಗೆ ರೂಪಿಸಿದ ಹರಿವಿನ ಮುನ್ಸೂಚನೆ ಮತ್ತು ಜಲಾಶಯ ನಿರ್ವಹಣಾ ವ್ಯವಸ್ಥೆ. ಕರ್ನಾಟಕದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಟೆಲಿಮೆಟ್ರಿಕ್ ಮಳೆಮಾಪಕಗಳನ್ನಿಟ್ಟು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ತೆಗೆಯುತ್ತದೆ. ಕೇಂದ್ರ ಜಲ ಆಯೋಗದ ಒಳಹರಿವು ಮುನ್ಸೂಚನೆ ಬೇರೆ ಇದೆ. ಅಂದರೆ ಕೃಷ್ಣೆಯ ಅವಳಿಯ ಅಂಗಾಂಗಗಳು ಬಿಡಿಬಿಡಿಯಾಗಿ ಬೇರೆಬೇರೆ ಮನೆಗಳಲ್ಲಿವೆ. ಗಡಿಯ ಆಚೆಯ ಹೊಳೆಯನ್ನು ಊಹಿಸಿಕೊಂಡು ಈಚೆಯವರು, ಈಚೆಯ ತಳವನ್ನು ಊಹಿಸಿಕೊಂಡು ಆಚೆಯವರು ಲೆಕ್ಕ ಹಾಕಿದರೆ ಎರಡು ಉತ್ತರ ಬರುವುದರಲ್ಲಿ ಆಶ್ಚರ್ಯವಿಲ್ಲ. ಆಗ ಪ್ರತಿ ರಾಜ್ಯವೂ ತನ್ನ ವಕೀಲರಿಗೆ ಒಂದು ಬಣ್ಣಬಣ್ಣದ ನಕ್ಷೆ ಮಾಡಿಕೊಟ್ಟಂತೆ ಆಗುತ್ತದೆಯೇ ಹೊರತು ತಕರಾರು ತೀರುವುದಿಲ್ಲ. ಜಂಟಿ ಸರ್ವೆ ಮಾಡಿದ ಒಂದೇ ತಳ, ಇಬ್ಬರೂ ಒಪ್ಪಿದ ಒಂದೇ ಮಾದರಿ, ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಕಾಣುವ ಪರದೆ: ಇದಕ್ಕಿಂತ ಕಡಿಮೆಗೆ ಬೆಲೆಯಿಲ್ಲ.

ಕಾಲುವೆಯ ಕೊನೆಯಲ್ಲಿ

ನೆರೆ ವರ್ಷಕ್ಕೆ ಕೆಲವು ದಿನದ ಸಂಗತಿ. ಹಂಚಿಕೆ ಉಳಿದ ದಿನಗಳದ್ದು. ಆಲಮಟ್ಟಿ ತುಂಬಿದ ಮೇಲೆ ನೀರಾವರಿ ಸಲಹಾ ಸಮಿತಿ ಕೂತು ಕಾಲುವೆಗಳಿಗೆ ಎಷ್ಟು ದಿನ ಚಾಲೂ, ಎಷ್ಟು ದಿನ ಬಂದ್ ಎಂದು ತೀರ್ಮಾನಿಸುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಗೆ 10 ಸಾವಿರ ಕ್ಯೂಸೆಕ್ ಹೊರುವ ಶಕ್ತಿ, ಅದರಡಿ 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಅದರ ಆಧುನೀಕರಣ ಕಾಮಗಾರಿಯನ್ನು 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಗೇಟುಗಳನ್ನು ದೂರದಿಂದಲೇ ನೋಡುವ, ಎತ್ತಿ ಇಳಿಸುವ ಸ್ಕಾಡಾ ವ್ಯವಸ್ಥೆಯನ್ನೂ ಅಲ್ಲಿ ಅಳವಡಿಸಲಾಗಿದೆ.

ಸ್ಕಾಡಾ ಎಂದರೆ ಅವಳಿಯ ಕಣ್ಣು ಮತ್ತು ಕೈ. ಅದಕ್ಕೆ ಲೆಕ್ಕದ ತಲೆ ಕೂಡಿಸಿದರೆ ಬೇರೆಯೇ ಪ್ರಶ್ನೆಗಳನ್ನು ಕೇಳಬಹುದು. ಮೇಲ್ಭಾಗದ ವಿತರಣಾ ಕಾಲುವೆ ಎರಡು ದಿನ ತಡವಾಗಿ ಬಂದ್ ಆದರೆ ಕೊನೆಯ ಹಳ್ಳಿಗೆ ಎಷ್ಟು ದಿನ ನೀರು ತಪ್ಪುತ್ತದೆ? ಉಪಗ್ರಹ ಚಿತ್ರದ ಪ್ರಕಾರ ಈ ಸಲ ಎಷ್ಟು ಎಕರೆ ಭತ್ತ ನಾಟಿಯಾಗಿದೆ? ಉಳಿದ ನೀರು ಆ ಭತ್ತಕ್ಕೆ ಮಾರ್ಚ್ ಕೊನೆಯವರೆಗೆ ಸಾಲುತ್ತದೆಯೇ, ಸಾಲದಿದ್ದರೆ ಯಾವ ವಾರ ಕೈಕೊಡುತ್ತದೆ? ಈ ಕಾಲುವೆಗಳಿರುವ ಕೃಷ್ಣಾ ಮೇಲ್ದಂಡೆ ಯೋಜನೆ ರೂಪುಗೊಂಡಿದ್ದು ಕಡಿಮೆ ನೀರಿನ ಬೆಳೆಗಳಿಗಾಗಿ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನೆಲೆಯೂರಿ ದಶಕಗಳಾದವು; ಕೊನೆಯ ಭಾಗದ ರೈತರು ಪ್ರತಿ ವರ್ಷ ನೀರಿಗಾಗಿ ಧರಣಿ ಕೂರುತ್ತಾರೆ.

ಈ ಪ್ರಶ್ನೆಗಳಿಗೆ ಉತ್ತರ ಯಾರಿಗೂ ಗೊತ್ತಿಲ್ಲವೆಂದಲ್ಲ. ಕಾಲುವೆ ಕಾಯುವ ಸೌಡಿಗೆ, ಸೆಕ್ಷನ್ ಆಫೀಸರಿಗೆ, ಊರಿನ ಹಿರಿಯರಿಗೆ ಎಲ್ಲ ಗೊತ್ತು. ಆದರೆ ಗೊತ್ತಿರುವುದು ಸಭೆಯ ಮೇಜಿಗೆ ಅಂಕಿಯಾಗಿ ಬರುವುದಿಲ್ಲ. ನವೆಂಬರಿನ ಸಭೆಯಲ್ಲೇ ‘ಹೀಗೆ ಬಿಟ್ಟರೆ ಫೆಬ್ರವರಿ ಮೂರನೇ ವಾರ ಕೊನೆಯ ಭಾಗ ಒಣಗುತ್ತದೆ’ ಎಂದು ಪರದೆಯ ಮೇಲೆ ಊರ ಹೆಸರಿನ ಸಮೇತ ಕಂಡರೆ ಅಧಿಕಾರಿಯೂ ಶಾಸಕರೂ ಅದನ್ನು ಕಂಡಿಲ್ಲವೆನ್ನಲಾರರು. ಅಂಥ ಪರದೆಗೆ ಮೇಲ್ಭಾಗದವರಿಂದ ವಿರೋಧವೂ ಬಂದೀತು. ಮುರಿದ ಗೇಟು, ಕಿತ್ತ ಸೆನ್ಸರುಗಳ ಹಿಂದೆ ಯಾವಾಗಲೂ ತಾಂತ್ರಿಕ ಕಾರಣವೇ ಇರಬೇಕೆಂದಿಲ್ಲ.

ಅವಳಿಗೆ ಕಾಣದ್ದು

ತಂತ್ರಜ್ಞಾನ ಮಾರುವವರು ಹೇಳದ ಮಾತೊಂದಿದೆ: ಅವಳಿ ತನ್ನೊಳಗೆ ತುಂಬಿದ ಅಂಕಿಗಿಂತ ಜಾಣವಾಗದು. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.79 ಟಿಎಂಸಿ. ಹಳೆಯ ಕೋಷ್ಟಕ ಹಿಡಿದು ಲೆಕ್ಕ ಹಾಕಿದ್ದರೆ 27 ಟಿಎಂಸಿ ಇಲ್ಲದ ನೀರನ್ನು ಹಂಚಿದಂತಾಗುತ್ತಿತ್ತು. ಹೊಳೆಯ ತಳವೂ ಹಾಗೆಯೇ. ಮರಳು ತೆಗೆದಲ್ಲಿ ಹೊಂಡ, ಬ್ಯಾರೇಜಿನ ಹಿಂದೆ ಹೂಳು, ದಂಡೆಯ ಮೇಲೆ ಹೊಸ ಬಡಾವಣೆ. ಕೆಲವು ವರ್ಷಕ್ಕೊಮ್ಮೆ ದೋಣಿಯಲ್ಲಿ ಹೋಗಿ ತಳ ಅಳೆಯುವ ಬೇಸರದ ಕೆಲಸ ನಿಂತರೆ, ಪರದೆಯ ಮೇಲಿನ ಸುಂದರ ಹೊಳೆ ಎಂದೋ ಇದ್ದ ಹೊಳೆಯಾಗಿ ಉಳಿಯುತ್ತದೆ.

ಇನ್ನು ಯಂತ್ರಗಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತ ಜಲಾಶಯದ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಅಪಾರ ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಡೆಗೇಟಿನ ತುಂಡುಗಳನ್ನು ಇಳಿಸಿ ಒಂದು ವಾರದೊಳಗೆ ಹರಿವು ನಿಲ್ಲಿಸಲಾಯಿತು. ಗೇಟು ಹೇಳಿದಂತೆ ಏರಿ ಇಳಿಯುತ್ತದೆ ಎಂದು ನಂಬಿದ ಯಾವ ಮಾದರಿಗೂ ಆ ರಾತ್ರಿಯ ಸುಳಿವು ಸಿಗುತ್ತಿರಲಿಲ್ಲ. ಸರಪಳಿಯ ವಯಸ್ಸು, ಮೋಟಾರಿನ ಎಳೆತ, ಕೊನೆಯ ಬಾರಿ ತಪಾಸಣೆಯಾದ ದಿನ, ಇವೂ ಅವಳಿಯ ಒಳಗೆ ಬರಬೇಕು. ಈ ವಿದ್ಯೆ ಹುಟ್ಟಿದ ಕಾರ್ಖಾನೆಯಲ್ಲಿ ಅದರ ಮೊದಲ ಕೆಲಸವೇ ಇದಾಗಿತ್ತು, ನದಿಗೆ ಬರುವಾಗ ಅದನ್ನು ಮರೆಯಬಾರದು.

ಸಹಿ ಯಾರದು

ಅವಳಿ ಎಷ್ಟೇ ನಿಖರವಾದರೂ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಮೂರು ದಿನ ಮುಂಚೆ 77 ಸಾವಿರ ಕ್ಯೂಸೆಕ್ ಹೆಚ್ಚಿಗೆ ಬಿಟ್ಟರೆ ರಾಯಚೂರು ಜಿಲ್ಲೆಯ ದಂಡೆಯ ಕೆಲವು ಹೊಲಗಳಿಗೆ ನೀರು ನುಗ್ಗುತ್ತದೆ, ಬಿಡದಿದ್ದರೆ ಬಾಗಲಕೋಟೆ, ಬೆಳಗಾವಿಗಳ ಊರುಗಳಿಗೆ ಅಪಾಯ ಎಂದು ಅದು ತೋರಿಸೀತು. ಯಾರ ನಷ್ಟ ಹಗುರ, ಯಾರದ್ದು ಭಾರ ಎಂದು ಅದು ಹೇಳಲಾರದು. ಅದು ರಾಜಕೀಯದ ತೀರ್ಮಾನ, ಮತ್ತು ನೆರೆಗೆ ಮುಂಚೆಯೇ ಆಗಬೇಕಾದ ತೀರ್ಮಾನ.

ಕಾವೇರಿಗೆ ಸುಪ್ರೀಂ ಕೋರ್ಟಿನ 2018ರ ಫೆಬ್ರವರಿ ತೀರ್ಪಿನ ಬಳಿಕ ಒಂದು ಪ್ರಾಧಿಕಾರವಾದರೂ ಇದೆ. ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಎಂಬ ಅಂಕಿ ಎಲ್ಲರಿಗೂ ಗೊತ್ತು. ಮಳೆ ಕೈಕೊಟ್ಟ ವರ್ಷ ಆ ಕೊರತೆಯನ್ನು ಹಂಚಿಕೊಳ್ಳುವ ಸೂತ್ರದ ಮೇಲೆ ಪ್ರತಿ ಸಲವೂ ಜಗಳ. ಕೃಷ್ಣೆಗೆ ಅಷ್ಟೂ ಇಲ್ಲ. ಎರಡನೇ ನ್ಯಾಯಮಂಡಳಿ ತನ್ನ ತೀರ್ಪಿನ ಜಾರಿಗೆ ಮಂಡಳಿಯೊಂದನ್ನು ಸೂಚಿಸಿತ್ತಾದರೂ ತೀರ್ಪು ಗೆಜೆಟ್‌ನಲ್ಲಿ ಅಧಿಸೂಚನೆಯಾಗದೆ ಅದು ಕಾಗದದಲ್ಲೇ ಉಳಿಯಿತು. ಹಾಗಾಗಿ ಕೃಷ್ಣೆಯ ಅವಳಿ ಕಟ್ಟಿದರೂ ಅದನ್ನು ಇಡುವ ಮನೆ ಯಾವುದು ಎಂಬ ಪ್ರಶ್ನೆ ಬಾಕಿ.

ಮೂರು ಕೆಲಸಗಳನ್ನು ಆ ಮಂಡಳಿಗೆ ಕಾಯದೆ ಈಗಲೇ ಮಾಡಬಹುದು. ಒಂದು, ಮಳೆ, ಮಟ್ಟ, ಗೇಟಿನ ಅಂಕಿಗಳನ್ನು ಎರಡೂ ರಾಜ್ಯಗಳು ಒಂದೇ ಗಳಿಗೆಯಲ್ಲಿ ಸಾರ್ವಜನಿಕರಿಗೂ ಕಾಣುವಂತೆ ತೆರೆದಿಡಬೇಕು. ಪಂಪ್‌ಸೆಟ್ಟು ಬಿಚ್ಚುವ ರೈತರಿಗೆ ಅವು ಮೊದಲು ಬೇಕು. ಎರಡು, ಪ್ರತಿ ಗೇಟು ಎತ್ತುವ ಹೊತ್ತಿನಲ್ಲಿ ಅವಳಿ ಏನು ಹೇಳಿತ್ತು, ಅಧಿಕಾರಿ ಏನು ನಿರ್ಧರಿಸಿದರು, ಏಕೆ ಎಂಬುದು ತಿದ್ದಲಾಗದ ದಾಖಲೆಯಾಗಬೇಕು. ಮೂರು, ಮುನ್ಸೂಚನೆ ನಂಬಿ ಮುಂಚೆ ನೀರು ಬಿಟ್ಟದ್ದರಿಂದ ಆಗುವ ನಷ್ಟಕ್ಕೆ, ಅದು ಕೆಳಗಿನ ಹೊಲದ್ದಿರಲಿ, ಮಾರ್ಚಿನಲ್ಲಿ ಒಣಗಿದ ಬೆಳೆಯದ್ದಿರಲಿ, ಪರಿಹಾರದ ದರ ಮೊದಲೇ ಗೊತ್ತಾಗಿರಬೇಕು. ನಿಯಮದಂತೆ ನಡೆದ ಎಂಜಿನಿಯರನ್ನು ಮಳೆ ಹುಸಿಯಾದ ಮಾತ್ರಕ್ಕೆ ಅಮಾನತು ಮಾಡುವುದಿಲ್ಲ ಎಂಬ ಭರವಸೆಯೂ ಬೇಕು. ಅದಿಲ್ಲದಿದ್ದರೆ ಅವಳಿ ಎಷ್ಟು ದಿನ ಮುಂಚೆ ಎಚ್ಚರಿಸಿದರೂ ಕುರ್ಚಿಯಲ್ಲಿ ಕೂತವರು ಕೊನೆಯ ಗಳಿಗೆವರೆಗೆ ಕಾದೇ ಕಾಯುತ್ತಾರೆ, ಏಕೆಂದರೆ ಕಾದು ತಪ್ಪಾದರೆ ದೋಷ ಮಳೆಯ ಮೇಲೆ ಹೋಗುತ್ತದೆ, ಮುಂಚೆ ಬಿಟ್ಟು ತಪ್ಪಾದರೆ ಅವರ ಮೇಲೇ ಬರುತ್ತದೆ.

ಸಾಫ್ಟ್‌ವೇರಿಗೆ ಟೆಂಡರು ಕರೆಯಬಹುದು, ಸೆನ್ಸರುಗಳನ್ನು ಒಂದೇ ಬೇಸಿಗೆಯಲ್ಲಿ ಕೂರಿಸಬಹುದು. ಈ ಮೂರನೆಯ ಕೆಲಸಕ್ಕೆ ಮಾತ್ರ ಬೆಂಗಳೂರು ಮತ್ತು ಮುಂಬೈ ಎರಡೂ ಸಹಿ ಹಾಕಬೇಕು. ಆಗಸ್ಟಿನಲ್ಲಿ ಇಬ್ಬರಿಗೂ ಅದರ ನೆನಪಾಗುತ್ತದೆ, ಆದರೆ ಆಗ ಹಾಕಿದ ಸಹಿ ಆ ವರ್ಷಕ್ಕೆ ಒದಗದು. ಅದಕ್ಕೆ ತಕ್ಕ ತಿಂಗಳು ಮೇ.